ತಪ್ಪು ಅವರದು, ಬೋನಸ್ ಹೋಗೋದು ನಮ್ಮದು: ಕಾರ್ ಇನ್ಶೂರೆನ್ಸ್‌ನ ಎನ್‌ಸಿಬಿ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಬಸ್ಸಲ್ಲಿ, ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರು ಆರಾಮಾಗಿ ಕೇಳಿ. ಗಾಡಿ ಓಡಿಸ್ತಾ ಕೇಳ್ತಿರೋರು ದಯವಿಟ್ಟು ರಸ್ತೆ ನೋಡ್ಕೊಂಡು ಕೇಳಿ, ಯಾಕಂದ್ರೆ ಇವತ್ತಿನ ವಿಷಯಾನೇ ಆಕ್ಸಿಡೆಂಟು.

ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಹೆಸರು ಬೇಡ. ಸಂಗತಿ ಇಷ್ಟು: ಹೊಸೂರು ರಸ್ತೆಯಲ್ಲಿ ರೆಡ್ ಸಿಗ್ನಲ್ ಬಿದ್ದು ಕಾರ್ ನಿಲ್ಲಿಸಿದ್ರು. ಹಿಂದಿನಿಂದ ಒಂದು ಗೂಡ್ಸ್ ಟೆಂಪೊ ಬಂದು ಗುದ್ದಿತು. ಬಂಪರ್ ಒಡೀತು, ಡಿಕ್ಕಿ ಬಾಗಿಲು ಒಳಗೆ ಹೋಯ್ತು. ಯಾರಿಗೂ ಪೆಟ್ಟಾಗ್ಲಿಲ್ಲ, ಅದೊಂದು ಪುಣ್ಯ. ಟೆಂಪೊ ಡ್ರೈವರ್ "ಸಾರ್, ಇನ್ಶೂರೆನ್ಸ್ ಇದ್ಯಲ್ಲ, ಅದ್ರಲ್ಲಿ ಮಾಡಿಸ್ಕೊಳ್ಳಿ" ಅಂತ ಹೇಳಿ ಹೊರಟ. ಇವರು ಹಾಗೇ ಮಾಡಿದ್ರು. ಕಾರ್ ರೆಡಿ ಆಯ್ತು. ಕೆಲವು ತಿಂಗಳಾದ್ಮೇಲೆ ರಿನ್ಯೂವಲ್ ಮೆಸೇಜ್ ಬಂತು, ಪ್ರೀಮಿಯಂ ಏಕಾಏಕಿ ಸಾವಿರಾರು ರೂಪಾಯಿ ಜಾಸ್ತಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ "ಸರ್, ನೀವು ಕ್ಲೇಮ್ ಮಾಡಿದ್ದೀರಿ, ನಿಮ್ಮ ಎನ್‌ಸಿಬಿ ಸೊನ್ನೆ ಆಗಿದೆ" ಅಂದ್ರಂತೆ. ಇವರ ಪ್ರಶ್ನೆ: "ನಿಂತಿದ್ದ ಗಾಡಿಗೆ ಬೇರೆಯವನು ಬಂದು ಗುದ್ದಿದ್ರೆ ದಂಡ ನನಗ್ಯಾಕೆ?"

ನ್ಯಾಯವಾದ ಪ್ರಶ್ನೆ. ಉತ್ತರ ಆ ಹೆಸರಲ್ಲೇ ಇದೆ. ಎನ್‌ಸಿಬಿ ಅಂದ್ರೆ ನೋ ಕ್ಲೇಮ್ ಬೋನಸ್. ಹೆಸರು ನೋ ಕ್ಲೇಮ್, ನೋ ಮಿಸ್ಟೇಕ್ ಅಲ್ಲ. ಕಂಪನಿ ನೋಡೋದು ನೀವು ಹಣ ತಗೊಂಡ್ರಾ ಇಲ್ವಾ ಅನ್ನೋದನ್ನ ಮಾತ್ರ. ತಪ್ಪು ಯಾರದು ಅಂತ ಆ ಲೆಕ್ಕದಲ್ಲಿ ಒಂದು ಕಾಲಂ ಕೂಡ ಇಲ್ಲ.

ಸ್ವಲ್ಪ ಬಿಡಿಸಿ ಹೇಳ್ತೀನಿ. ನಿಮ್ಮ ಕಾಂಪ್ರಹೆನ್ಸಿವ್ ಪಾಲಿಸಿ ಒಂದೇ ಕಾಗದದ ಥರ ಕಂಡ್ರೂ ಒಳಗೆ ಎರಡು ಭಾಗ ಇದೆ. ಒಂದು ಥರ್ಡ್ ಪಾರ್ಟಿ, ಅಂದ್ರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ. ಇದು ಮೋಟಾರು ವಾಹನ ಕಾಯ್ದೆ ಪ್ರಕಾರ ಕಡ್ಡಾಯ. ಇಲ್ಲದೆ ಸಿಕ್ಕಿಬಿದ್ರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿದ್ರೆ 4,000 ರೂಪಾಯಿ ದಂಡ, ಜೈಲಿಗೂ ಅವಕಾಶ ಇದೆ. ಇದರ ದರ ಸರ್ಕಾರವೇ ನಿಗದಿ ಮಾಡುತ್ತೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿ ಒಳಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1,000ದಿಂದ 1,500 ಸಿಸಿವರೆಗೆ 3,416 ರೂಪಾಯಿ. ನೀವು ಎಷ್ಟೇ ಒಳ್ಳೆ ಡ್ರೈವರ್ ಆಗಿದ್ರೂ ಇದರಲ್ಲಿ ಒಂದು ರೂಪಾಯಿ ಎನ್‌ಸಿಬಿ ಸಿಗಲ್ಲ.

ಇನ್ನೊಂದು ಓನ್ ಡ್ಯಾಮೇಜ್, ಚಿಕ್ಕದಾಗಿ ಓಡಿ. ನಿಮ್ಮದೇ ಗಾಡಿಗೆ ಆಗೋ ನಷ್ಟಕ್ಕೆ. 2007ರ ಜನವರಿಯಿಂದ ಇದರ ದರ ಕಂಪನಿಗಳ ಕೈಗೆ ಬಂದಿದೆ. ಎನ್‌ಸಿಬಿ ಅನ್ನೋದು ಈ ಓಡಿ ಪ್ರೀಮಿಯಂ ಮೇಲಿನ ರಿಯಾಯಿತಿ ಮಾತ್ರ. ಒಂದು ವರ್ಷ ಕ್ಲೇಮ್ ಇಲ್ಲದಿದ್ರೆ 20 ಪರ್ಸೆಂಟ್, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದು ವರ್ಷಕ್ಕೆ 50. ಅಲ್ಲಿಗೆ ನಿಲ್ಲುತ್ತೆ, ಅದಕ್ಕಿಂತ ಮೇಲಿಲ್ಲ. ಹಾವು ಏಣಿ ಆಟ ಆಡಿದ್ದೀರಲ್ಲ? ಹತ್ತೋದು ಒಂದೊಂದೇ ಮೆಟ್ಟಿಲು, ಇಳಿಯೋದು ಮಾತ್ರ ಒಂದೇ ಸಲ ಸೊನ್ನೆಗೆ. 2,000 ರೂಪಾಯಿ ಕ್ಲೇಮ್ ಮಾಡಿದ್ರೂ ಸೊನ್ನೆ, 2 ಲಕ್ಷ ಮಾಡಿದ್ರೂ ಸೊನ್ನೆ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಇದನ್ನ ಯಾವ ಏಜೆಂಟೂ ಕೂತು ಹೇಳಿಕೊಡಲ್ಲ.

ಎನ್‌ಸಿಬಿ ಕಳೆಯೋದಕ್ಕೆ ಮೊದಲು ನಿಮ್ಮ ಓಡಿ ಪ್ರೀಮಿಯಂ 10,000 ರೂಪಾಯಿ ಅಂತಿಟ್ಕೊಳ್ಳಿ. ಲೆಕ್ಕ ಸುಲಭ ಆಗ್ಲಿ ಅಂತ. ನೀವು ಐದು ವರ್ಷ ಕಾದು 50 ಪರ್ಸೆಂಟ್‌ಗೆ ಬಂದಿದ್ದೀರಿ, ಅಂದ್ರೆ ಕಟ್ತಿರೋದು 5,000. ಈಗ ಒಂದು ಕ್ಲೇಮ್ ಮಾಡಿದ್ರಿ. ಮುಂದಿನ ರಿನ್ಯೂವಲ್‌ಗೆ ಪೂರ್ತಿ 10,000. ಅದರ ಮುಂದಿನ ವರ್ಷ 20 ಪರ್ಸೆಂಟ್ ಕಳೆದು 8,000. ಆಮೇಲೆ 7,500, ಆಮೇಲೆ 6,500, ಆಮೇಲೆ 5,500. ಆರನೇ ವರ್ಷಕ್ಕೆ ವಾಪಸ್ 5,000. ಕ್ಲೇಮ್ ಮಾಡದೇ ಇದ್ದಿದ್ರೆ ಈ ಐದೂ ವರ್ಷ 5,000 ಕಟ್ತಿದ್ರಿ. ವ್ಯತ್ಯಾಸ ಕೂಡಿಸಿ: 5,000, 3,000, 2,500, 1,500, 500. ಒಟ್ಟು 12,500 ರೂಪಾಯಿ. ಮೇಲೆ ಜಿಎಸ್‌ಟಿ ಬೇರೆ.

ಅಂದ್ರೆ 50 ಪರ್ಸೆಂಟ್ ಮೆಟ್ಟಿಲಲ್ಲಿ ಇರೋರಿಗೆ ಒಂದು ಕ್ಲೇಮ್‌ನ ಬೆಲೆ ಸುಮಾರು ಒಂದೂಕಾಲು ವರ್ಷದ ಪೂರ್ತಿ ಓಡಿ ಪ್ರೀಮಿಯಂ. ಅದೇ ನೀವು ಈಗ 20 ಪರ್ಸೆಂಟ್‌ನಲ್ಲಿದ್ರೆ ಇದೇ ಲೆಕ್ಕಕ್ಕೆ 8,000 ಬರುತ್ತೆ. ಕಾರ್ ತಗೊಂಡು ಮೊದಲ ವರ್ಷವೇ ಆಗಿದ್ರೆ 5,000. ಪ್ರತಿ ವರ್ಷ ಕಾರಿನ ಐಡಿವಿ ಇಳಿಯೋದ್ರಿಂದ ಓಡಿ ಪ್ರೀಮಿಯಂ ಕೂಡ ಇಳೀತಾ ಹೋಗುತ್ತೆ, ಹಾಗಾಗಿ ನಿಜವಾದ ಮೊತ್ತ ಇದಕ್ಕಿಂತ ಸ್ವಲ್ಪ ಕಮ್ಮಿ ಇರಬಹುದು. ಆದ್ರೆ ಅಂದಾಜಿಗೆ ಈ ಲೆಕ್ಕ ಸಾಕು. ನಿಮ್ಮ ಪಾಲಿಸಿ ಪಿಡಿಎಫ್ ತೆಗೀರಿ, ಓಡಿ ಪ್ರೀಮಿಯಂ ಎಷ್ಟು, ಎನ್‌ಸಿಬಿ ಎಷ್ಟು ಪರ್ಸೆಂಟ್ ಅಂತ ಎರಡು ಸಾಲು ಹುಡುಕಿ. ವಾಟ್ಸಾಪ್‌ನಲ್ಲೇ ಎಲ್ಲೋ ಬಿದ್ದಿರುತ್ತೆ.

ಇನ್ನೊಂದು ಬದಿ ನೋಡೋಣ. ಕ್ಲೇಮ್ ಮಾಡಿದ್ರೆ ಬಿಲ್ಲಿನಷ್ಟೂ ಹಣ ಬರುತ್ತಾ? ಇಲ್ಲ. ಮೊದಲು ಕಂಪಲ್ಸರಿ ಡಿಡಕ್ಟಿಬಲ್ ಅಂತ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ನಿಮ್ಮ ಕೈಯಿಂದ. ಝೀರೋ ಡೆಪ್ ಇಲ್ಲದಿದ್ರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಹಣ ಮಾತ್ರ. ಬಂಪರ್ ಅಂದ್ರೆ ಪ್ಲಾಸ್ಟಿಕ್ಕೇ ತಾನೆ? ಪೇಂಟ್ ಸಾಮಾನಿನ ಖರ್ಚಲ್ಲೂ ಅರ್ಧ ಕಟ್. ಗಾಜಿಗೆ ಮಾತ್ರ ಏನೂ ಕಳೆಯಲ್ಲ.

ನಮ್ಮ ಕೇಳುಗರ ವಿಷಯಕ್ಕೇ ಇದನ್ನ ಹಚ್ಚಿ ನೋಡೋಣ. ವರ್ಕ್‌ಶಾಪ್ ಬಿಲ್ 14,000 ಆಯ್ತಂತೆ. ಕಂಪನಿಯಿಂದ ಬಂದಿದ್ದು ಸುಮಾರು 9,000. ಅವರ ಎನ್‌ಸಿಬಿ 50 ಪರ್ಸೆಂಟ್ ಇತ್ತು. 9,000 ತಗೊಳ್ಳೋಕೆ ಹೋಗಿ ಮುಂದಿನ ಐದು ವರ್ಷದಲ್ಲಿ ಹತ್ತಿರ ಹತ್ತಿರ 12,000 ಬಿಟ್ಟುಕೊಟ್ಟಂಗಾಯ್ತು. ಅದೇ ಬಿಲ್ 60,000 ಆಗಿದ್ರೆ? ಆಗ ಯೋಚನೆನೇ ಬೇಡ, ಕ್ಲೇಮ್ ಮಾಡ್ಬೇಕು. ಅದಕ್ಕೆ ತಾನೆ ಪ್ರೀಮಿಯಂ ಕಟ್ಟಿರೋದು. ಹೆದರಿಕೊಂಡು ಜೇಬಿಂದ 60,000 ಹಾಕೋದು ಇನ್ನೂ ದೊಡ್ಡ ದಡ್ಡತನ. ಕ್ಲೇಮ್ ನಂಬರ್ ಹಾಕಿಸೋ ಮೊದಲು ಎಸ್ಟಿಮೇಟ್ ಕೈಯಲ್ಲಿ ಇರ್ಲಿ, ಕಂಪನಿ ಎಷ್ಟು ಕೊಡಬಹುದು ಅಂತ ಸರ್ವೀಸ್ ಅಡ್ವೈಸರ್ ಹತ್ರ ಕೇಳಿ. ಆದ್ರೆ ಒಂದು ಮಾತು, ಸರ್ವೀಸ್ ಸೆಂಟರ್‌ನವರಿಗೆ ಇನ್ಶೂರೆನ್ಸ್‌ನಲ್ಲಿ ಮಾಡೋದೇ ಇಷ್ಟ. ಬಿಲ್ ದೊಡ್ಡದಾಗುತ್ತೆ, ನೀವು ಚೌಕಾಸಿ ಮಾಡಲ್ಲ. ನಿಮ್ಮ ಎನ್‌ಸಿಬಿ ಬಗ್ಗೆ ಅವರು ತಲೆ ಕೆಡಿಸ್ಕೊಳ್ಳಲ್ಲ.

ಸರಿ, ಇದೆಲ್ಲ ನಮ್ಮ ಪಾಲಿಸಿ ಕಥೆ. ತಪ್ಪು ಮಾಡಿದವನ ಪಾಲಿಸಿ ಏನು ಮಾಡ್ತಿದೆ? ಅವನ ಹತ್ರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ಯಲ್ಲ, ಅದು ಇರೋದೇ ನಮ್ಮಂಥವರಿಗೆ ಅಲ್ವಾ?

ಹೌದು. ಕಾಗದದ ಮೇಲೆ ಖಂಡಿತ ಹೌದು. ಖಾಸಗಿ ಕಾರಿನ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬೇರೆಯವರ ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ಕವರ್ ಇರುತ್ತೆ, ಬೈಕ್-ಸ್ಕೂಟರ್‌ಗೆ 1 ಲಕ್ಷ. ನಿಮ್ಮ ಕಾರ್ ಕೂಡ ಆಸ್ತಿನೇ. ಆ ದಾರಿಯಲ್ಲಿ ಹೋದ್ರೆ ಹಣ ಅವನ ಕಂಪನಿಯಿಂದ ಬರುತ್ತೆ, ನಿಮ್ಮ ಓಡಿ ಪಾಲಿಸಿಯನ್ನ ನೀವು ಮುಟ್ಟೋದೇ ಇಲ್ಲ, ಎನ್‌ಸಿಬಿ ಹಾಗೇ ಉಳಿಯುತ್ತೆ.

ತೊಂದರೆ ಇರೋದು ದಾರಿಯಲ್ಲಿ. ಅವನ ಕಂಪನಿಗೆ ಫೋನ್ ಮಾಡಿ "ನಿಮ್ಮ ಗಾಡಿಯವನು ಗುದ್ದಿದ, ದುಡ್ಡು ಕೊಡಿ" ಅಂದ್ರೆ "ಟ್ರಿಬ್ಯುನಲ್‌ಗೆ ಹೋಗಿ" ಅಂತಾರೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಎಲ್ಲರೂ ಎಂಎಸಿಟಿ ಅನ್ನೋದು. ಬೆಂಗಳೂರಲ್ಲಿ ಸ್ಮಾಲ್ ಕಾಸಸ್ ಕೋರ್ಟ್‌ನವರೇ ಈ ಕೇಸುಗಳನ್ನ ನೋಡ್ತಾರೆ. ಅಲ್ಲಿ ಎದುರಿನವನದೇ ತಪ್ಪು ಅಂತ ನೀವು ಸಾಬೀತು ಮಾಡ್ಬೇಕು. ಪೊಲೀಸ್ ದೂರು ಬೇಕು, ಫೋಟೊ, ಬಿಲ್ಲು, ಸಾಕ್ಷಿ, ವಕೀಲರು ಎಲ್ಲ ಬೇಕು. ಇಬ್ಬರದೂ ತಪ್ಪಿದೆ ಅಂತ ಕಂಡ್ರೆ ನಿಮ್ಮ ಪಾಲಿನಷ್ಟು ಕಡಿತ. ಅರ್ಜಿ ಹಾಕೋಕೆ ಕಾಯ್ದೆಯಲ್ಲಿ 6 ತಿಂಗಳ ಗಡುವು ಇದೆ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು. ಆ ಗಡುವನ್ನ ಪ್ರಶ್ನಿಸಿ ಸುಪ್ರೀಂ ಕೋರ್ಟ್‌ವರೆಗೂ ಅರ್ಜಿಗಳು ಹೋಗಿವೆ. ನೀವು ಮಾತ್ರ 6 ತಿಂಗಳು ಅಂತಲೇ ಇಟ್ಕೊಳ್ಳಿ.

14,000 ರೂಪಾಯಿ ಬಂಪರ್‌ಗೆ ಇಷ್ಟೆಲ್ಲ ಯಾರು ಅಲೀತಾರೆ? ಯಾರೂ ಇಲ್ಲ. ಹಾಗಾಗಿ ಹಣ ಕೊಡಬೇಕಾದವರ ಪಾಲಿಸಿ ತಣ್ಣಗೆ ಕೂತಿರುತ್ತೆ, ನಮ್ಮ ಪಾಲಿಸಿ ಖರ್ಚು ನೋಡ್ಕೊಳ್ಳುತ್ತೆ. ನನ್ನ ಪ್ರಕಾರ ಇದು ಸರಿಯಾದ ವ್ಯವಸ್ಥೆ ಅಲ್ಲ. ನಿಂತ ಗಾಡಿಗೆ ಹಿಂದಿನಿಂದ ಗುದ್ದಿದ್ದು, ಡ್ಯಾಶ್‌ಕ್ಯಾಮ್ ವಿಡಿಯೋ ಇದೆ, ಅಂಥ ಕೇಸಲ್ಲಾದ್ರೂ ಎನ್‌ಸಿಬಿ ಉಳಿಸೋ ನಿಯಮ ಬೇಕು. ಎರಡು ಕಂಪನಿಗಳು ತಮ್ಮೊಳಗೆ ಲೆಕ್ಕ ಮುಗಿಸ್ಕೊಳ್ಳಲಿ, ಗ್ರಾಹಕನ ಮೆಟ್ಟಿಲು ಯಾಕೆ ಎಳೀಬೇಕು?

ಕಂಪನಿಗಳ ಕಡೆಯ ವಾದಾನೂ ಪೂರ್ತಿ ಪೊಳ್ಳಲ್ಲ. ತಪ್ಪು ಯಾರದು ಅಂತ ತೀರ್ಮಾನ ಆಗೋವರೆಗೆ ಕಾಯ್ತೀವಿ ಅಂತ ಅವರು ಹೇಳಿದ್ರೆ ನಿಮ್ಮ ಕಾರ್ ತಿಂಗಳಾನುಗಟ್ಟಲೆ ಗ್ಯಾರೇಜಲ್ಲಿ ಧೂಳು ಹಿಡಿಯುತ್ತೆ. ಓಡಿ ಕವರ್‌ನ ಅನುಕೂಲ ಏನಂದ್ರೆ ಅದು ತಪ್ಪಿನ ವಿಚಾರಕ್ಕೇ ಹೋಗಲ್ಲ. ನೀವೇ ಗೋಡೆಗೆ ಗುದ್ದಿದ್ರೂ ಕೊಡುತ್ತೆ, ಬೇರೆಯವನು ನಿಮಗೆ ಗುದ್ದಿದ್ರೂ ಕೊಡುತ್ತೆ. ತಪ್ಪು ಕೇಳದೆ ಕೊಡೋದು ಮತ್ತು ತಪ್ಪು ಕೇಳದೆ ಬೋನಸ್ ಕಿತ್ಕೊಳ್ಳೋದು, ಎರಡೂ ಒಂದೇ ನಾಣ್ಯದ ಎರಡು ಮುಖ.

ಅಮೆರಿಕದಲ್ಲಿರೋ ಅಣ್ಣ ಅಕ್ಕಂದಿರ ಮಾತು ಕೇಳಿ ಗೊಂದಲ ಮಾಡ್ಕೋಬೇಡಿ. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ತಪ್ಪಿಲ್ಲದ ಅಪಘಾತಕ್ಕೆ ಪ್ರೀಮಿಯಂ ಏರಿಸೋ ಹಾಗಿಲ್ಲ ಅಂತ ಕಾನೂನೇ ಇದೆ. ಅಲ್ಲಿ ಡ್ರೈವರ್‌ನ ಕ್ಲೇಮ್ ಇತಿಹಾಸವನ್ನ 7 ವರ್ಷದವರೆಗೆ ಇಟ್ಟಿರೋ ರಿಪೋರ್ಟೂ ಇರುತ್ತೆ. ಅವರ ಆಟದ ನಿಯಮವೇ ಬೇರೆ.

ಈಗ ಟ್ರಿಬ್ಯುನಲ್ ದಾರಿ ಯಾವಾಗ ಹಿಡೀಬೇಕು ಅಂತ ಹೇಳ್ಬಿಡ್ತೀನಿ. ಒಂದು, ಯಾರಿಗಾದ್ರೂ ಪೆಟ್ಟಾಗಿದ್ರೆ. ಆಗ ಮಾತೇ ಬೇರೆ, ದೇಹಕ್ಕಾದ ನಷ್ಟದ ಪರಿಹಾರಕ್ಕೆ 7.5 ಲಕ್ಷದ ಥರ ಮಿತಿ ಇಲ್ಲ, ಅದು ನಿಮ್ಮ ಎನ್‌ಸಿಬಿಗೆ ಸಂಬಂಧವೂ ಇಲ್ಲ. ತಪ್ಪು ಸಾಬೀತು ಮಾಡೋಕೆ ಆಗದಿದ್ರೂ ಕಾಯ್ದೆಯ 164ನೇ ಸೆಕ್ಷನ್ ಅಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳಬಹುದು. ಇನ್ನೊಂದು, ನಿಮ್ಮ ಗಾಡಿಗೆ ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದು ನಷ್ಟ ದೊಡ್ಡದಾಗಿದ್ರೆ.

ಈ ಎರಡನೇ ವಿಷಯ ಸ್ಕೂಟರ್, ಬೈಕ್ ಇರೋರು ಸರಿಯಾಗಿ ಕೇಳಿಸ್ಕೊಳ್ಳಿ. 2018ರ ಸೆಪ್ಟೆಂಬರ್‌ನಿಂದ ಹೊಸ ಟೂ ವೀಲರ್‌ಗೆ 5 ವರ್ಷದ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಕವರ್ ಒಟ್ಟಿಗೇ ಕೊಡ್ತಾರೆ. ಓಡಿ ಮಾತ್ರ ಬಹಳ ಸಲ ಒಂದೇ ವರ್ಷದ್ದು. "5 ವರ್ಷ ಇನ್ಶೂರೆನ್ಸ್ ಇದೆ" ಅಂತ ಆರಾಮಾಗಿ ಓಡಾಡ್ತಿರ್ತೀವಿ, ಓಡಿ ಯಾವತ್ತೋ ಮುಗಿದಿರುತ್ತೆ. ಪೊಲೀಸರು ಹಿಡಿದ್ರೆ ತೊಂದರೆ ಇಲ್ಲ, ಥರ್ಡ್ ಪಾರ್ಟಿ ಇದ್ಯಲ್ಲ. ಆದ್ರೆ ಯಾರೋ ಬಂದು ಗುದ್ದಿ ನಿಮ್ಮ ಬೈಕ್ ಪುಡಿಯಾದ್ರೆ ನಿಮ್ಮ ಪಾಲಿಸಿಯಿಂದ ಬೈಕ್‌ಗೆ ಒಂದು ಪೈಸೆ ಬರಲ್ಲ. ಹೊಡೆದವನ ಹಿಂದೆ ಬೀಳ್ಬೇಕು.

ಹೊಡೆದವನು ಸಿಗದಿದ್ರೆ? ಪಾರ್ಕ್ ಮಾಡಿದ ಕಾರಿಗೆ ರಾತ್ರಿ ಯಾರೋ ಗೀಚಿ ಹೋಗ್ತಾರೆ, ಬೆಳಿಗ್ಗೆ ಎದ್ದು ನೋಡಿದ್ರೆ ಡೋರ್ ಪೂರ್ತಿ ಡೆಂಟು. ಹಿಟ್ ಅಂಡ್ ರನ್‌ಗೆ ಸರ್ಕಾರದ ಪರಿಹಾರ ಇದೆ ನಿಜ, ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅದು ಮನುಷ್ಯರಿಗೆ, ಡೋರಿಗಲ್ಲ. ಅಲ್ಲಿ ನಿಮ್ಮ ಓಡಿ ಒಂದೇ ಗತಿ. ತಪ್ಪು ನಿಮ್ಮದಲ್ಲ ಅಂತ ದೇವರಿಗೂ ಗೊತ್ತು, ಬೋನಸ್ ಮಾತ್ರ ಹೋಗುತ್ತೆ.

ಈಗ ರಸ್ತೆ ಬದಿ ಸೆಟ್ಲ್‌ಮೆಂಟ್. "ಬ್ರೋ, ಪೊಲೀಸ್ ಎಲ್ಲ ಯಾಕೆ, ಇಲ್ಲೇ ಮುಗಿಸ್ಕೊಳ್ಳೋಣ." ಇದನ್ನ ಕೇಳದ ಬೆಂಗಳೂರಿನವರು ಯಾರಾದ್ರೂ ಇದ್ದೀರಾ? ಚಿಕ್ಕ ಡೆಂಟಿಗೆ ಇದು ತಪ್ಪೇನಲ್ಲ, ಲೆಕ್ಕ ನೋಡಿದ್ರೆ ಬಹಳ ಸಲ ಇದೇ ಲಾಭ. ಆದ್ರೆ ಎದುರಿನವನು "2,000 ಕೊಡ್ತೀನಿ" ಅಂದ ತಕ್ಷಣ ತಗೋಬೇಡಿ. ಈಗಿನ ಬಂಪರ್‌ಗಳಲ್ಲಿ ಸೆನ್ಸರ್, ಕ್ಯಾಮೆರಾ ಎಲ್ಲ ಕೂತಿರುತ್ತೆ, ಹೊರಗೆ ಗೀರು ಕಾಣುತ್ತೆ, ಒಳಗೆ ಕ್ಲಿಪ್ ಮುರಿದಿರುತ್ತೆ. ಗೊತ್ತಿರೋ ಗ್ಯಾರೇಜಿಗೆ ಅಲ್ಲಿಂದಲೇ ಫೋಟೊ ಕಳಿಸಿ, ಅಂದಾಜು ಕೇಳಿ, ಆಮೇಲೆ ಮಾತಾಡಿ. ಹಣ ಯುಪಿಐನಲ್ಲೇ ಹಾಕಿಸ್ಕೊಳ್ಳಿ, ದಾಖಲೆ ಇರುತ್ತೆ. ಯಾರಿಗಾದ್ರೂ ಗಾಯ ಆಗಿದ್ರೆ, ಎದುರಿನವನು ಕುಡಿದಿದ್ರೆ, ಸೆಟ್ಲ್‌ಮೆಂಟ್ ಮಾತು ಬೇಡವೇ ಬೇಡ. ಗಾಯ ಆದ ಅಪಘಾತದಲ್ಲಿ ಆಸ್ಪತ್ರೆಗೆ ಸೇರಿಸೋದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸೋದು ಡ್ರೈವರ್‌ನ ಕಾನೂನು ಕರ್ತವ್ಯ, ತಪ್ಪು ಯಾರದೇ ಇರ್ಲಿ.

ಸೆಟ್ಲ್‌ಮೆಂಟ್ ಆಗ್ಲಿ ಬಿಡ್ಲಿ, ಫೋಟೊ ಮಾತ್ರ ತೆಗೀರಿ. ಜಗಳ ಶುರು ಆಗೋ ಮೊದಲು, ಗಾಡಿಗಳನ್ನ ಪಕ್ಕಕ್ಕೆ ತೆಗೆಯೋ ಮೊದಲು. ಎರಡೂ ಗಾಡಿ, ನಂಬರ್ ಪ್ಲೇಟ್, ಸಿಗ್ನಲ್ಲು, ಸುತ್ತಮುತ್ತ. ಹತ್ತು ಸೆಕೆಂಡ್ ವಿಡಿಯೋ ಆದ್ರೂ ಸಾಕು. ಆಮೇಲೆ ಎಂಪರಿವಾಹನ್ ಆಪ್‌ನಲ್ಲಿ ಅವನ ಗಾಡಿ ನಂಬರ್ ಹಾಕಿ, ಇನ್ಶೂರೆನ್ಸ್ ಚಾಲ್ತಿಯಲ್ಲಿದ್ಯಾ ಅಂತ ಗೊತ್ತಾಗುತ್ತೆ. ಅವನ ಇನ್ಶೂರೆನ್ಸ್ ಮುಗಿದಿದೆ ಅಂತ ನಿಮಗೆ ಗೊತ್ತು ಅನ್ನೋದು ಅವನಿಗೆ ಗೊತ್ತಾದ್ರೆ ಮಾತಿನ ಧಾಟಿನೇ ಬದಲಾಗುತ್ತೆ, ನೋಡ್ತಿರಿ.

ಕಂಪನಿಗಳು ಎನ್‌ಸಿಬಿ ಪ್ರೊಟೆಕ್ಟ್ ಅಂತ ಒಂದು ಆಡ್ ಆನ್ ಮಾರ್ತಾರೆ. ವರ್ಷಕ್ಕೆ ಒಂದೋ ಎರಡೋ ಕ್ಲೇಮ್ ಆದ್ರೂ ಬೋನಸ್ ಉಳಿಯುತ್ತೆ, ಎಷ್ಟು ಅಂತ ಕಂಪನಿಯಿಂದ ಕಂಪನಿಗೆ ಬೇರೆ. ತಗೋಬೇಕಾ? ಮೊದಲ ವರ್ಷ, ಎರಡನೇ ವರ್ಷದ ಕಾರಿಗೆ ಕಾಯೋಕೆ ದೊಡ್ಡ ಬೋನಸ್ಸೇ ಇಲ್ಲ, ಆ ದುಡ್ಡನ್ನ ಝೀರೋ ಡೆಪ್‌ಗೆ ಹಾಕಿ ಅಂತೀನಿ. 45, 50ಕ್ಕೆ ಬಂದು ದಿನಾ ಸಿಲ್ಕ್ ಬೋರ್ಡ್, ಹೆಬ್ಬಾಳ ದಾಟೋರಾದ್ರೆ ತಗೊಳ್ಳಿ. ಆಡ್ ಆನ್ ಬೆಲೆ ಒಂದು ಕಡೆ, ಆಗ್ಲೇ ಮಾಡಿದ ಒಂದೂಕಾಲು ಪಟ್ಟಿನ ಲೆಕ್ಕ ಇನ್ನೊಂದು ಕಡೆ ಇಟ್ಟು ನೋಡಿ.

ಒಂದು ವರ್ಷದಲ್ಲಿ ಆಗ್ಲೇ ಒಂದು ಕ್ಲೇಮ್ ಮಾಡಿ ಬೋನಸ್ ಕಳ್ಕೊಂಡಿದ್ರೆ, ಅದೇ ಪಾಲಿಸಿ ವರ್ಷದಲ್ಲಿ ಇನ್ನೊಂದು ನಷ್ಟ ಆದಾಗ ಎನ್‌ಸಿಬಿ ಯೋಚನೆ ಬೇಡ, ಸೊನ್ನೆಗಿಂತ ಕೆಳಗೆ ಮೆಟ್ಟಿಲಿಲ್ಲ. ಆದ್ರೆ ಮತ್ತೆ ಮತ್ತೆ ಕ್ಲೇಮ್ ಇದ್ರೆ ಓಡಿ ದರ ಏರಿಸೋ ಸ್ವಾತಂತ್ರ್ಯ ಕಂಪನಿಗಿದೆ. ಝೀರೋ ಡೆಪ್‌ಗೂ ವರ್ಷಕ್ಕೆ ಎರಡು ಸಲ ಅಂತ ಮಿತಿ ಇರೋದು ಸಾಮಾನ್ಯ.

ಈಗ ಸ್ವಲ್ಪ ಎಚ್ಚರಿಕೆ. ಆನ್‌ಲೈನಲ್ಲಿ ಬೇರೆ ಕಂಪನಿಗೆ ಹೋಗುವಾಗ "ಕಳೆದ ವರ್ಷ ಕ್ಲೇಮ್ ಮಾಡಿದ್ರಾ?" ಅಂತ ಕೇಳುತ್ತೆ. "ಇಲ್ಲ" ಅಂತ ಒತ್ತಿದ್ರೆ ತಕ್ಷಣ ಪ್ರೀಮಿಯಂ ಇಳಿಯುತ್ತೆ. "ನನ್ನ ತಪ್ಪಲ್ವಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ" ಅಂತ ಮನಸ್ಸಿಗೆ ಸಮಾಧಾನ ಹೇಳ್ಕೊಂಡು ಒತ್ತೋರು ಇದ್ದಾರೆ. ಒತ್ತಿಸೋ ಏಜೆಂಟ್‌ಗಳೂ ಇದ್ದಾರೆ. ಹೊಸ ಕಂಪನಿ ಹಳೆ ಕಂಪನಿಯನ್ನ ಕೇಳಿ ಪರಿಶೀಲಿಸುತ್ತೆ. ಸುಳ್ಳು ಗೊತ್ತಾಗೋದು ಹೆಚ್ಚಾಗಿ ನೀವು ದೊಡ್ಡ ಕ್ಲೇಮ್ ಹಾಕಿದ ದಿನ. ಆಗ ಓಡಿ ಕ್ಲೇಮ್ ಕಡಿತ ಆಗಬಹುದು, ಪೂರ್ತಿ ತಿರಸ್ಕಾರವೂ ಆಗಬಹುದು. 5,000 ಉಳಿಸೋಕೆ ಹೋಗಿ 3 ಲಕ್ಷದ ಬಿಲ್ ಹಿಡ್ಕೊಂಡು ಗ್ರಾಹಕ ಆಯೋಗದ ಬಾಗಿಲಲ್ಲಿ ನಿಲ್ಲಬೇಡಿ.

ಕೊನೆಗೆ, ಇನ್ನೊಬ್ಬರು ವಾಯ್ಸ್ ನೋಟ್ ಕಳಿಸಿದ್ರು: "ಅಪ್ಪನ ಹಳೇ ಕಾರ್ ಮಾರ್ತಿದ್ದೀವಿ, 50 ಪರ್ಸೆಂಟ್ ಎನ್‌ಸಿಬಿ ಇದೆ, ಅದು ತಗೊಳ್ಳೋರಿಗೆ ಹೋಗುತ್ತಾ?" ಹೋಗಲ್ಲ ಕಣಮ್ಮ. ಎನ್‌ಸಿಬಿ ಗಾಡಿದಲ್ಲ, ಮಾಲೀಕರದು. ಕಾರ್ ಕೊಟ್ಟ ಮೇಲೆ ಕಂಪನಿಯಿಂದ ಎನ್‌ಸಿಬಿ ಲೆಟರ್ ತಗೊಳ್ಳಿ, ಅಪ್ಪ ತಮ್ಮ ಹೆಸರಲ್ಲಿ ಇನ್ನೊಂದು ಕಾರ್ ತಗೊಂಡ್ರೆ 3 ವರ್ಷದೊಳಗೆ ಬಳಸಬಹುದು. ಕಾರ್ ನಿನ್ನ ಹೆಸರಲ್ಲಿ ತಗೊಂಡ್ರೆ ಅವರ ಬೋನಸ್ ನಿನಗೆ ಬರಲ್ಲ, ನೀನು ಸೊನ್ನೆಯಿಂದಲೇ ಶುರು ಮಾಡ್ಬೇಕು. ಮಾಲೀಕರು ತೀರಿಕೊಂಡಾಗ ಮಾತ್ರ ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ, ತಂದೆ ತಾಯಿಗೆ ಗಾಡಿ ಜೊತೆ ಅದು ಬರೋಕೆ ಅವಕಾಶ ಇದೆ. ಕಾರ್ ಇಟ್ಕೊಂಡಿರೋರು ಇನ್ನೊಂದು ನೆನಪಿಟ್ಕೊಳ್ಳಿ: ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡಿಸದಿದ್ರೆ ಒಂದೂ ಆಕ್ಸಿಡೆಂಟ್ ಇಲ್ಲದೆ, ಒಂದೂ ಕ್ಲೇಮ್ ಇಲ್ಲದೆ ಐದು ವರ್ಷದ ಎನ್‌ಸಿಬಿ ಮಾಯ.

ಮುಂದಿನ ವಾರ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ವೇಟಿಂಗ್ ಪೀರಿಯಡ್ ಅಂದ್ರೇನು ಅಂತ ಮಾತಾಡೋಣ, ಅದರ ಬಗ್ಗೆ ಪ್ರಶ್ನೆಗಳಿದ್ರೆ ಈಗ್ಲೇ ಕಳಿಸಿ. ನಮಸ್ಕಾರ.